ನಡುರಸ್ತೆಯಲ್ಲಿ ನಿಲ್ಲುವ ಊರು

ಊರಿಗಿದ್ದ ಒಂದೇ ಒಂದು ಜೀಪನ್ನು ಓಡಿಸುವವನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಯಾವ ಕಡೆಯಿಂದ ಮಾವ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಜೀಪು ಹತ್ತಿದವರೆಲ್ಲ ಅಳಿಯಂದಿರು, ಸೊಸೆಯಂದಿರು, ಅಷ್ಟೇ. ಕುಡಿತ ಇಲ್ಲ, ಜಗಳ ಇಲ್ಲ, ಹಾಗಾಗಿ ಮಾವನ ಮೇಲೆ ಊರು ಹೊರಿಸಿದ್ದು ಒಂದೇ ದೂರು. ಅದು ಅವನ ಕುತೂಹಲದ್ದು. ಸ್ಟೇರಿಂಗ್ ಹಿಡಿದು ಕೂತನೆಂದರೆ ಮುಗಿಯಿತು, ಕಂಡವರ ವಿಷಯಕ್ಕೆಲ್ಲ ಮೂಗು ತೂರಿಸಲು ಶುರು.

"ಯಾರದು ಬರ್ತಿರೋದು? ನಿಂತಿದಾನಾ, ನಡೀತಿದಾನಾ? ಯಾವ ಕಡೆ ಇದಾನೆ? ಜೊತೆಗೆ ಯಾರಾದ್ರೂ ಇದಾರಾ?"

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಮುಂದಿನ ಸೀಟಿನ ಕೆಲಸ. ಆ ಸೀಟು ಎಷ್ಟೋ ವರ್ಷಗಳಿಂದ ರೇಡಿಯೋ ಅಕ್ಕನದು. ಊರಿನಲ್ಲಿ ಅವನನ್ನು ಮಾವ ಎನ್ನದೆ ತಮ್ಮಾ ಎನ್ನುತ್ತಿದ್ದವಳು ಇವಳೊಬ್ಬಳೇ. ಪೇಟೆಯಲ್ಲಿ ಸೊಪ್ಪು ಮಾರಲು ದಿನವೂ ಹೋಗುತ್ತಿದ್ದ ಈಕೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಾಯಿ ತೆರೆದರೆ ಪೇಟೆ ಸೇರುವ ತನಕ ಮುಚ್ಚುತ್ತಿರಲಿಲ್ಲ. "ಬಡಗಿ ನಿಂತಿದಾನೆ ತಮ್ಮಾ, ನಟ್ಟನಡುವೆ, ಹೊಟ್ಟೆ ಮುಂದೆ ಬಿಟ್ಕೊಂಡು. ನಿನ್ನೆ ಹೆಂಡತಿ ಜೊತೆ ಮಾತು ಬಿಟ್ಟಿದಾನಂತೆ, ಮುಖ ನೋಡು, ಊದಿದೆ." ಮಾವ ಬ್ರೇಕು ಒತ್ತುತ್ತಿದ್ದ. ಬಡಗಿ ಹತ್ತುತ್ತಿದ್ದ. ಹಿಂದೆ ಕೂತವರು ನಗುತ್ತಿದ್ದರು. ಇಬ್ಬರಿಗೂ ಊರ ಸುದ್ದಿ ಅಂದರೆ ಪಂಚಪ್ರಾಣ, ಒಳ್ಳೆ ಜೋಡಿ ಸಿಕ್ಕಿದೆ ಎಂದು ಊರೇ ತಮಾಷೆ ಮಾಡುತ್ತಿತ್ತು.

ಊರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮಾವನಿಗೆ ಎದುರಿಗಿರುವುದು ಕಾಣುತ್ತಿರಲಿಲ್ಲ.

ಪೂರ್ತಿ ಕುರುಡೇನಲ್ಲ. ಅಂಚುಗಳು ಕಾಣುತ್ತಿದ್ದವು. ಒಂದು ಕಡೆ ಗುಡ್ಡ ಕಡಿದ ಕೆಂಪು ಮಣ್ಣು, ಇನ್ನೊಂದು ಕಡೆ ಕಣಿವೆಯ ಬದಿಗೆ ನೆಟ್ಟ, ಸುಣ್ಣ ಬಳಿದ ಕಲ್ಲುಗಳು. ಇವೆರಡರ ನಡುವೆ ಜೀಪನ್ನು ತೂರಿಸಿಕೊಂಡು ಹೋಗುವುದು ಅವನಿಗೆ ಕಷ್ಟವಿರಲಿಲ್ಲ. ರಸ್ತೆಯ ಪ್ರತಿ ತಿರುವೂ ಕೈಗೆ ಬಾಯಿಪಾಠವಾಗಿತ್ತು. ಆದರೆ ನೋಟ ನೆಟ್ಟ ಕಡೆ, ಸರಿಯಾಗಿ ನಡುವೆ, ಬೂದಿ ಮೆತ್ತಿದಂತೆ ಒಂದು ಮಸುಕು. ಕಣ್ಣು ಹೊರಳಿಸಿದರೆ ಅದೂ ಹೊರಳುತ್ತಿತ್ತು. ಮೊದಲು ಗುಂಡಿಯಷ್ಟಿದ್ದದ್ದು ಬರಬರುತ್ತಾ ತಟ್ಟೆಯಷ್ಟಾಯಿತು. ಪೇಟೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ್ದರು. ಮಾವ ಒಂದು ಕ್ಷಣ ಯೋಚಿಸಿ, "ಮನೇಲೇ ಇರ್ತೀನಿ" ಎಂದಿದ್ದ. ಆಮೇಲೆ ಆಸ್ಪತ್ರೆಯ ಹಿಂದೆ ನಿಲ್ಲಿಸಿದ್ದ ಜೀಪು ಹತ್ತಿ, ರೇಡಿಯೋ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರಿಗೆ ಓಡಿಸಿಕೊಂಡು ಬಂದ.

ವಿಷಯ ಗೊತ್ತಿದ್ದದ್ದು ಒಬ್ಬಳಿಗೆ, ಅವನ ಹೆಂಡತಿಗೆ. ಮಾವನ ಹೆಂಡತಿಯಾದ್ದರಿಂದ ಊರಿಗೆಲ್ಲ ಆಕೆ ಅತ್ತೆ. ಊಟಕ್ಕೆ ಕೂತಾಗ ತಟ್ಟೆಯ ನಡುವೆ ಇಟ್ಟದ್ದನ್ನು ಬಿಟ್ಟು ಅಂಚಿನಲ್ಲಿದ್ದದ್ದನ್ನಷ್ಟೇ ತಿನ್ನುವ ಗಂಡನನ್ನು ಅವಳು ಕೆಲವು ದಿನ ಸುಮ್ಮನೆ ನೋಡಿದಳು. ಒಂದು ದಿನ ಎದುರಿಗೆ ಕೂತು, "ನನ್ನ ಮುಖ ಕಾಣ್ತಿದೆಯೇನ್ರಿ?" ಎಂದು ಕೇಳಿದಳು. ಅವನು, "ಕಿವಿ ಕಾಣ್ತಿದೆ" ಎಂದ. ಅವಳು ಎದ್ದು ಹೋಗಿ ಒಲೆ ಮುಂದೆ ಕೂತು ಅತ್ತಳು.

ಹಾಗಾದರೆ ಜೀಪು ಬಿಟ್ಟು ಮನೆಯಲ್ಲಿರಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೇಳುವವರಿಗೇನು, ಹೇಳಿಬಿಡುತ್ತಾರೆ.

ಹಿಂದೆ ಈ ಊರಿಗೂ ಬಸ್ಸು ಬರುತ್ತಿತ್ತು. ಆಗ ಊರಿನಲ್ಲಿದ್ದದ್ದು ಬೆರಳೆಣಿಕೆಯ ಮನೆಗಳು. ಹತ್ತುವವರಿಗಿಂತ ಖಾಲಿ ಸೀಟುಗಳೇ ಜಾಸ್ತಿ ಎಂದು ಬಸ್ಸಿನ ಕಚೇರಿಯವರು ಒಂದು ದಿನ ನಿಲ್ಲಿಸಿಬಿಟ್ಟರು. ರಸ್ತೆ ಮಾಡುವ ಕಂಟ್ರಾಕ್ಟರ್ ಹತ್ತಿರ ಡ್ರೈವರಾಗಿದ್ದ ಮಾವ ಅವನ ಹಳೇ ಜೀಪನ್ನೇ ಕೊಂಡು ಊರಿನವರನ್ನು ಪೇಟೆಗೆ ಒಯ್ಯುವ ಕೆಲಸಕ್ಕೆ ಇಳಿದ. ಮೊದಮೊದಲು ಅರ್ಧ ಜೀಪು ಖಾಲಿ. ಆಮೇಲೆ ಗುಡ್ಡದ ಆಚೆ ಹೆಂಚಿನ ಕಾರ್ಖಾನೆ ಬಂತು. ಕೆಲಸಕ್ಕೆ ಬಂದವರು ಇಲ್ಲೇ ಮನೆ ಕಟ್ಟಿದರು, ಮದುವೆಯಾದರು, ಅಣ್ಣತಮ್ಮಂದಿರನ್ನು ಕರೆಸಿಕೊಂಡರು. ಒಂದು ಬೀದಿಯಿದ್ದದ್ದು ಗುಡ್ಡ ಹತ್ತಿತು, ಇಳಿಯಿತು, ಮೂಲೆಮೂಲೆಗೂ ಚಾಚಿತು. ಊರು ಬೆಳೆದರೂ ಬಸ್ಸಿನ ಕಚೇರಿಯ ಲೆಕ್ಕದಲ್ಲಿ ಮಾತ್ರ ಅದು ಹಳೆಯ ಪುಟ್ಟ ಊರಾಗಿಯೇ ಉಳಿಯಿತು. ಆಸ್ಪತ್ರೆ, ಹೈಸ್ಕೂಲು, ಸಂತೆ, ಎಲ್ಲವೂ ಪೇಟೆಯಲ್ಲಿ. ಪೇಟೆಗೆ ಹೋಗಲು ಇದ್ದದ್ದು ಅದೇ ಜೀಪು, ಅದೇ ಮಾವ.

ಬೇರೆಯವರಿಗೆ ಕಲಿಸಲು ಅವನು ಪ್ರಯತ್ನಪಟ್ಟಿದ್ದ. ಕ್ಷೌರಿಕನಿಗೆ ಕಲಿಸಿದ. ಆ ಪುಣ್ಯಾತ್ಮ ಜೀಪನ್ನು ನೇರ ಚರಂಡಿಗೆ ಇಳಿಸಿ, ಇನ್ನು ಕತ್ತರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಕಾರ್ಖಾನೆಯ ಒಬ್ಬ ಹುಷಾರಿನವನು ಚೆನ್ನಾಗಿ ಕಲಿತ. ಲೈಸೆನ್ಸ್ ಕೈಗೆ ಬಂದ ವಾರವೇ ಪೇಟೆಯ ಲಾರಿ ಹತ್ತಿಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕಲಿತವರೆಲ್ಲ ಹಾಗೇ. ನಾನಿನ್ನು ನಿಲ್ಲಿಸುತ್ತೇನೆ ಎಂದು ಮಾವ ಒಮ್ಮೆ ಚಹಾದಂಗಡಿಯಲ್ಲಿ ಹೇಳಿ ನೋಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ನೀನು ನಿಲ್ಲಿಸಿದ್ರೆ ನಾವು ಸಾಯೋದು ಹೇಗೆ ಮಾವ? ಹೆಣಾನೂ ನಿನ್ನ ಜೀಪಲ್ಲೇ ಹೋಗ್ಬೇಕು." ಕಣ್ಣಿನ ವಿಷಯ ಬಾಯಿತುದಿಗೆ ಬಂದಿತ್ತು. ಬಂದದ್ದನ್ನು ಚಹಾದ ಜೊತೆ ನುಂಗಿದ.

ಅವನ ಜೀವ ಹಿಂಡುತ್ತಿದ್ದದ್ದು ಊರಿನ ಒಂದು ಅಭ್ಯಾಸ. ಈ ಊರಿನವರು ಜೀಪಿಗೆ ರಸ್ತೆ ಬದಿಯಲ್ಲಿ ಕಾಯುವುದಿಲ್ಲ. ನಡುರಸ್ತೆಗೆ ಬಂದು, ಒಂದು ಕೈ ಎತ್ತಿ, ಕಂಬದಂತೆ ನಿಲ್ಲುತ್ತಾರೆ. ಇದನ್ನು ಕಲಿಸಿದವನೂ ಮಾವನೇ. ಹರೆಯದಲ್ಲಿ ಅವನಿಗೆ ಸ್ವಲ್ಪ ಕೊಬ್ಬು ಜಾಸ್ತಿ. ಜೀಪು ತುಂಬಿದ್ದರೆ, ಬದಿಯಲ್ಲಿ ನಿಂತವರಿಗೆ ಕೈ ಬೀಸಿ, ಜಾಗ ಇಲ್ಲ ಎನ್ನುತ್ತಾ ಭರ್ರೆಂದು ಹೋಗಿಬಿಡುತ್ತಿದ್ದ. ಜನ ನೋಡಿದರು, ನೋಡಿದರು, ಕೊನೆಗೆ ಎದುರಿಗೇ ಬಂದು ನಿಂತರು. ಈಗ ಹೋಗು ನೋಡೋಣ. ಅವನು ನಿಲ್ಲಿಸಲೇಬೇಕಾಯಿತು. ಅಂದಿನಿಂದ ಅದೇ ರೂಢಿ. ಮುದುಕರು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಸರಿಯಾಗಿ ಅವನ ಮಸುಕು ಇರುವ ಜಾಗದಲ್ಲೇ ನಿಲ್ಲುತ್ತಿದ್ದರು. ಇಡೀ ಲೋಕದಲ್ಲಿ ಅವನಿಗೆ ಕಾಣದ ಜಾಗ ಅದೊಂದೇ.

ಊರಿನಲ್ಲಿ ಮಗು ಹುಟ್ಟಿತೆಂಬ ಸುದ್ದಿ ಬಂದರೆ ಎಲ್ಲರ ಮುಖ ಅರಳುತ್ತಿತ್ತು. ಮಾವನೂ ಹಲ್ಲು ಬಿಟ್ಟು ನಗುತ್ತಿದ್ದ. ಆದರೆ ಒಳಗೊಳಗೇ, ರಸ್ತೆಯ ನಡುವೆ ನಿಲ್ಲಲು ಇನ್ನೊಂದು ಜೊತೆ ಕಾಲು ಬಂತು ಎಂದೇ ಅವನಿಗೆ ತೋಚುತ್ತಿತ್ತು. ಹೊಸ ಮನೆಗೆ ಪಾಯ ತೋಡಿದರೆ ಅದೇ ಯೋಚನೆ, ಯಾರಾದರೂ ಬಿಡಾರ ತಂದರೆ ಅದೇ ಯೋಚನೆ. ಊರು ತುಂಬುತ್ತಿದ್ದುದಕ್ಕೆ ಹೆದರಿದವನು ಆ ಊರಿನಲ್ಲಿ ಅವನೊಬ್ಬನೇ ಇರಬೇಕು.

ಅವನು ನಂಬಿದ್ದದ್ದು ರೇಡಿಯೋ ಅಕ್ಕನ ಬಾಯನ್ನು. ರಸ್ತೆ ಖಾಲಿಯಿದ್ದರೂ ಅವಳು, "ಯಾರೂ ಇಲ್ಲ ತಮ್ಮಾ, ನಡಿ" ಎನ್ನುತ್ತಿದ್ದಳು. ಒಂದು ದಿನ ಅವಳಿಗೆ ಹಲ್ಲುನೋವು. ಕೆನ್ನೆ ಊದಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳು. ಯಾರದು ಎಂದರೆ ಹೂಂ, ಏನದು ಎಂದರೆ ಊಹೂಂ. ಮಾವ ಆ ದಿನ ಜೀಪನ್ನು ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಬಿಟ್ಟ. ಆದರೂ ತಿರುವಿನಲ್ಲಿ ಪೋಸ್ಟ್‌ಮ್ಯಾನ್ ನಿಂತದ್ದು ಗೊತ್ತಾದದ್ದು ಅವನ ಖಾಕಿ ಚೀಲದ ತುದಿ ಮಸುಕಿನಾಚೆ ಅಲ್ಲಾಡಿದಾಗ. ಬ್ರೇಕು ತುಳಿದ. ಬಂಪರಿಗೂ ಪೋಸ್ಟ್‌ಮ್ಯಾನಿನ ಮೊಣಕಾಲಿಗೂ ನಡುವೆ ಒಂದು ಕೈ ಹಿಡಿಸುವಷ್ಟು ಜಾಗ. ಪೋಸ್ಟ್‌ಮ್ಯಾನ್ ಅಲ್ಲಾಡಲಿಲ್ಲ. ನಗುತ್ತಾ ಬಂದು ಹತ್ತಿದ. "ಬ್ರೇಕು ಅಂದ್ರೆ ಮಾವಂದು ನೋಡಿ. ಗೆರೆ ಹಾಕಿ ನಿಲ್ಲಿಸಿದ ಹಾಗೆ" ಎಂದು ಪೇಟೆಯ ತನಕ ಹೊಗಳಿದ. ಈ ಮಾತು ಊರೆಲ್ಲ ಹಬ್ಬಿತು. ಮೊದಲು ಜೀಪು ಹತ್ತಿರ ಬಂದಾಗ ಒಂದು ಹೆಜ್ಜೆಯಾದರೂ ಹಿಂದೆ ಸರಿಯುತ್ತಿದ್ದವರು ಆಮೇಲೆ ಅದನ್ನೂ ಬಿಟ್ಟರು.

ಟೈಲರ್ ಸೊಸೆಯನ್ನು ಹೆರಿಗೆಗೆ ಕರೆದುಕೊಂಡು ಹೋದ ದಿನವಂತೂ ಬೆಳಗಿನ ಮಂಜು ಬೇರೆ. ಆ ದಿನ ಅಂಚುಗಳೂ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಆ ಹುಡುಗಿ ನರಳುತ್ತಿದ್ದಳು, ಮುಂದೆ ರೇಡಿಯೋ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಡಕ್ಕೆ, ಎಡಕ್ಕೆ, ಕಲ್ಲು ಬಂತು" ಎಂದು ಕೂಗುತ್ತಿದ್ದಳು. ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಕ್ಷೇಮ. ಆ ಹುಡುಗಿ ಮಾವನ ಕೈ ಹಿಡಿದು, "ನನ್ನ ಜೀವ ಉಳಿಸಿದ್ರಿ" ಎಂದಳು. ಮಾವ ಆಸ್ಪತ್ರೆಯ ಹಿಂದೆ ಹೋಗಿ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ.

ಹೀಗಿರುವಾಗ ಬಸ್ಸಿನ ಕಚೇರಿಯಿಂದ ಸುದ್ದಿ ಬಂತು. ನಾಳೆ ಒಬ್ಬ ಮೇಡಂ ಬಂದು ಊರು ನೋಡುತ್ತಾರಂತೆ, ಎಷ್ಟು ಜನ ಇದ್ದಾರೆ, ಓಡಾಟಕ್ಕೆ ಏನು ಮಾಡುತ್ತಾರೆ ಎಂದು ಕೇಳುತ್ತಾರಂತೆ, ಬೇಕೆಂದರೆ ಬಸ್ಸು ಬಿಡುತ್ತಾರಂತೆ. ಇದನ್ನು ಹೇಳಿದವರು ಶಾಲೆಯ ಮೇಷ್ಟ್ರು. ಕೇಳಿದ ಮಾವನಿಗೆ ಅಲ್ಲೇ ಕೂತುಬಿಡುವಷ್ಟು ಸಮಾಧಾನವಾಯಿತು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ.

"ಬಸ್ಸು ಬಂದ ದಿನವೇ ಬೀಗದ ಕೈ ಗೋಡೆಗೆ ನೇತು ಹಾಕ್ಬಿಡ್ತೀನಿ ಕಣೇ. ವಯಸ್ಸಾಯ್ತು, ಸಾಕು ಅಂದ್ರೆ ಯಾರೂ ಏನೂ ಕೇಳಲ್ಲ."

"ಕಣ್ಣಿನ ವಿಷಯ?"

"ಅದನ್ನ ಯಾಕೆ ಹೇಳ್ಬೇಕು? ಇಷ್ಟು ವರ್ಷ ಯಾರಿಗೂ ಏನೂ ಆಗ್ಲಿಲ್ಲ."

ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. "ಆಗ್ಲಿಲ್ಲ ಅನ್ನೋದೇ ನಂಗೆ ಭಯ. ನಾಳೆ ಆ ಮೇಡಂ ಮುಂದೆ ಹೇಳ್ಬಿಡ್ರಿ. ಬಸ್ಸು ಬರ್ಲಿ ಬಿಡ್ಲಿ, ಹೇಳ್ಬಿಡ್ರಿ."

"ಹೇಳಿದ್ರೆ ಆ ಟೈಲರ್ ಸೊಸೆ ಮುಖ ಹೆಂಗೆ ನೋಡ್ಲಿ?"

"ನಿಮಗೆ ಮುಖ ಕಾಣೋದಾದ್ರೆ ತಾನೇ" ಎಂದಳು ಅವಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮರುದಿನ ಶಾಲೆಯ ಅಂಗಳದಲ್ಲಿ ಊರು ನೆರೆಯಿತು. ಮೇಡಂ ಸಣ್ಣ ವಯಸ್ಸಿನವರು. ಅವರನ್ನು ತಂದ ಕಚೇರಿಯ ಕಾರಿನ ಡ್ರೈವರು ಈ ರಸ್ತೆ ನೋಡಿ ಬೆಚ್ಚಿ, ಕೆಳಗೆ ಸೇತುವೆಯ ಹತ್ತಿರವೇ ನಿಂತುಬಿಟ್ಟಿದ್ದ. ಮೇಡಂ ಏದುಸಿರು ಬಿಡುತ್ತಾ ನಡೆದುಕೊಂಡೇ ಬಂದಿದ್ದರು. ಮನೆಗಳನ್ನು ನೋಡಿ ಅವರಿಗೆ ಆಶ್ಚರ್ಯವಾಗಿತ್ತು. "ಇಷ್ಟು ಜನ ಇದೀರಿ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಬಸ್ಸಿಗೆ ಜನ ಸಾಕಷ್ಟಿದಾರೆ. ಹೇಳಿ, ಬಸ್ಸು ಬೇಕಲ್ವಾ?"

ಮಾವ ಗೋಡೆಗೊರಗಿ ನಿಂತಿದ್ದ. ಹೂಂ ಎಂಬ ಒಂದು ಮಾತು ಸಾಕಿತ್ತು.

ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. "ನಾವೆಲ್ಲ ನಿನ್ನೆ ಚಹಾದಂಗಡೀಲಿ ಕೂತು ತೀರ್ಮಾನ ಮಾಡಿದೀವಿ ಮೇಡಂ. ನಮಗೆ ಬಸ್ಸು ಬೇಡ."

ಮಾವ ಗೋಡೆಯಿಂದ ಮೈ ಎತ್ತಿದ. ಮೇಷ್ಟ್ರು ಮುಂದುವರಿಸಿದರು.

"ನೀವು ನಮ್ಮನ್ನ ಬಿಟ್ಟು ಹೋದಾಗ ಕೈ ಹಿಡಿದೋನು ನಮ್ಮ ಮಾವ. ಮಳೆ ಅಂತ ನಿಲ್ಲಿಸ್ಲಿಲ್ಲ, ಜ್ವರ ಅಂತ ಮಲಗ್ಲಿಲ್ಲ. ಈಗ ಬಸ್ಸು ತಂದು ಅವನ ಹೊಟ್ಟೆ ಮೇಲೆ ಹೊಡೆಯೋದಕ್ಕೆ ನಾವು ತಯಾರಿಲ್ಲ."

ಅಂಗಳವೆಲ್ಲ ಹೌದು ಹೌದು ಎಂದಿತು. ಟೈಲರ್ ಸೊಸೆ ಮಗುವನ್ನು ಎತ್ತಿ ತೋರಿಸಿ, ಇದು ಮಾವ ಉಳಿಸಿಕೊಟ್ಟ ಜೀವ ಎಂದಳು. ರೇಡಿಯೋ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಲ್ಲರೂ ಮಾವನ ಕಡೆ ತಿರುಗಿದರು. ಅವನಿಗೆ ಕಂಡದ್ದು ಮಸುಕು, ಸುತ್ತ ಒಂದಷ್ಟು ಕೈಗಳು. ಇಷ್ಟು ಪ್ರೀತಿಯ ಎದುರಿಗೆ ಬಾಯಿ ತೆರೆಯುವ ಧೈರ್ಯ ಯಾರಿಗಿರುತ್ತದೆ, ಅವನಿಗಂತೂ ಇರಲಿಲ್ಲ. ಹೆಂಡತಿ ಎಲ್ಲಿ ಎಂದು ಓರೆಗಣ್ಣಿನಿಂದ ಹುಡುಕಿದ. ಅವಳು ಇದ್ದ ಜಾಗದಲ್ಲಿ ಇರಲಿಲ್ಲ.

"ಹಾಗಾದ್ರೆ ನಿಮ್ಮ ಮಾವನ ಜೀಪಲ್ಲೇ ನನ್ನನ್ನ ಸೇತುವೆ ತನಕ ಬಿಡಿ" ಎಂದು ಮೇಡಂ ನಕ್ಕರು. "ನೀವು ಇಷ್ಟು ಹೊಗಳೋ ಜೀಪನ್ನ ನಾನೂ ನೋಡ್ತೀನಿ. ಅದು ಸರಿ ಇದೆ ಅಂತ ನಾನು ಬರೆದ್ರೆ ಮತ್ತೆ ಬಸ್ಸಿನ ಮಾತು ಬರಲ್ಲ."

ಬಂದ ಅತಿಥಿಗೆ ಮುಂದಿನ ಸೀಟು ಕೊಡುವುದು ಮರ್ಯಾದೆ. ಯಾರೂ ಹೇಳುವ ಮೊದಲೇ ರೇಡಿಯೋ ಅಕ್ಕ ತನ್ನ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹಿಂದೆ ಹೋಗಿ ಕೂತಳು. ಮಾವ, "ಅಕ್ಕಾ, ನೀನು ಮುಂದೇ ಬಾ, ಮೇಡಂ ಪಕ್ಕ ಜಾಗ ಇದೆ" ಎಂದ. ಅವನ ಧ್ವನಿ ಅವನಿಗೇ ಕೀರಲಾಗಿ ಕೇಳಿಸಿತು. "ಬಿಡು ತಮ್ಮಾ, ಇವತ್ತೊಂದಿನ" ಎಂದಳು ಅವಳು, ದೊಡ್ಡ ತ್ಯಾಗ ಮಾಡಿದ ಗತ್ತಿನಲ್ಲಿ. ನಡುವಿನ ಜಾಗದಲ್ಲಿ ಮೇಷ್ಟ್ರು ಕೂತರು. ಹಿಂದೆ ಹತ್ತಬಹುದಾದಷ್ಟು ಜನ ಹತ್ತಿದರು, ಉಳಿದವರು ನೇತುಬಿದ್ದರು. ಮಾವನ ಮೆರವಣಿಗೆಗೆ ಇಡೀ ಊರು ಹೊರಟಿತ್ತು.

ಇಳಿಜಾರಿನ ರಸ್ತೆ, ಹಿಂದೆ ಅಷ್ಟು ಭಾರ. ಮೊದಲ ತಿರುವಿಗೆ ಅಭ್ಯಾಸಬಲದಿಂದ, "ಯಾರದು?" ಎಂದ.

"ಯಾರು?" ಎಂದರು ಮೇಡಂ. "ನಂಗೆ ನಿಮ್ಮೂರಲ್ಲಿ ಯಾರೂ ಗೊತ್ತಿಲ್ಲಪ್ಪ."

ಹಿಂದಿನಿಂದ ನಗು. "ಮಾವನ ಚಟ ಅದು ಮೇಡಂ" ಎಂದು ಮೇಷ್ಟ್ರು ವಿವರಿಸಿದರು. ರೇಡಿಯೋ ಅಕ್ಕ ಹಿಂದಿನಿಂದಲೇ, "ಯಾರೂ ಇಲ್ಲ ತಮ್ಮಾ, ನಡಿ" ಎಂದು ಕೂಗಿದಳು. ಮಾವನಿಗೆ ಹೋದ ಜೀವ ಬಂದಂತಾಯಿತು. ಎರಡನೇ ತಿರುವೂ ಹಾಗೇ ದಾಟಿತು. ಇನ್ನೊಂದು ಉದ್ದನೆಯ ಇಳಿಜಾರು, ಅದರ ಕೊನೆಗೆ ಸೇತುವೆ. ಅಷ್ಟು ಆಗಿಬಿಟ್ಟರೆ ಈ ದಿನ ಮುಗಿಯುತ್ತದೆ ಎಂದುಕೊಂಡ. ನಾಳೆಯದು, ನಾಡಿದ್ದಿನದು ಹಾಗೇ ಉಳಿದಿತ್ತು.

ಮೇಷ್ಟ್ರು ಮೇಡಂಗೆ ಊರಿನ ಹೆಗ್ಗಳಿಕೆ ಹೇಳುತ್ತಿದ್ದರು. "ನಮ್ಮಲ್ಲಿ ಸ್ಟಾಪು ಗೀಪು ಏನೂ ಇಲ್ಲ. ಜನ ನಡುರಸ್ತೇಲಿ ನಿಂತ್ಕೋತಾರೆ. ಮಾವ ಒಂದು ಗೇಣು ದೂರಕ್ಕೆ ತಂದು ನಿಲ್ಲಿಸ್ತಾನೆ. ಅಗೋ, ಅಲ್ಲೇ ನಿಂತಿದಾರೆ ನೋಡಿ. ಈಗ ಮಜಾ ನೋಡ್ತಿರಿ." ಅಗೋ ಎಂದಲ್ಲಿಂದ ಮುಂದಿನದನ್ನು ಅವರು ಮೇಡಂ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ಅದು ಮಾವನಿಗೆ ಕೇಳಿಸಲಿಲ್ಲ. ಆಮೇಲೆ ಮೇಷ್ಟ್ರು ಹಿಂದೆ ತಿರುಗಿ, ಬಾಯಿ ತೆರೆಯುತ್ತಿದ್ದ ರೇಡಿಯೋ ಅಕ್ಕನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಹೇಳಬೇಡ, ಅವನೇ ನಿಲ್ಲಿಸುತ್ತಾನೆ, ಮೇಡಂ ನೋಡಲಿ. ಹಿಂದಿನವರಿಗೂ ಗೊತ್ತಾಗಿ ಎಲ್ಲರೂ ಗಪ್‌ಚಿಪ್ಪಾದರು.

"ಯಾರಾದ್ರೂ ಇದಾರಾ?" ಎಂದು ಮಾವ ಕೇಳಿದ.

ಉತ್ತರವಿಲ್ಲ.

"ಅಕ್ಕಾ, ಯಾರದು ಅಲ್ಲಿ?"

ಜೀಪಿನ ತುಂಬ ಜನ, ಒಬ್ಬರೂ ಉಸಿರೆತ್ತಲಿಲ್ಲ. ಖಾಲಿ ರಸ್ತೆಯಾದರೆ ಖಾಲಿ ಎಂದು ಹೇಳುವ ಬಾಯಿ ಯಾಕೆ ಸುಮ್ಮನಿದೆ? ಇಷ್ಟು ವರ್ಷಗಳಲ್ಲಿ ಈ ಜೀಪು ಇಷ್ಟು ಮೌನವಾಗಿದ್ದದ್ದೇ ಇಲ್ಲ. ಮುಂದೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಬರೀ ಬೂದಿ. ಆ ಬೂದಿಯೊಳಗೆ ಒಂದು ಮಗು ಇರಬಹುದು, ಬುಟ್ಟಿ ಹೊತ್ತ ಮುದುಕಿ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಬಲಗಾಲಿಗೆ ಇಳಿಸಿ ಬ್ರೇಕಿನ ಮೇಲೆ ನಿಂತ. ಜೀಪು ಕಿರುಚುತ್ತಾ ಜಾರಿತು, ಅಡ್ಡಡ್ಡ ವಾಲಿತು, ಧೂಳೆಬ್ಬಿಸಿ ನಿಂತಿತು.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. "ನೋಡಿದ್ರಾ ಮೇಡಂ?" ಎಂದರು ಮೇಷ್ಟ್ರು, ತಾವೇ ಬ್ರೇಕು ಹಾಕಿದವರಂತೆ.

ಮಾವ ಕೆಳಗಿಳಿದ. ಬಿಸಿಯಾದ ಬಾನೆಟ್ಟನ್ನು ತಡವುತ್ತಾ ಮುಂದೆ ಹೋದ. ಬಂಪರಿನ ತುದಿ ಸಿಕ್ಕಿತು. ಅಲ್ಲಿಂದ ಕೈ ಮುಂದೆ ಚಾಚಿದ. ಪೂರ್ತಿ ಚಾಚುವ ಮೊದಲೇ ಒಂದು ತಣ್ಣನೆಯ ಕೈ ತಗುಲಿತು. ಬೆರಳುಗಳಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಬಿದ್ದ ಬಿರುಕುಗಳಿದ್ದವು. ಆ ಕೈ ಅವನಿಗೆ ಗೊತ್ತಿತ್ತು.

"ನಾನೇ ಕಣ್ರಿ" ಎಂದಳು ಅತ್ತೆ.

ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಇಲ್ಲಿ ಯಾಕೆ ನಿಂತೆ? ನಂಗೆ ಕಾಣಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು. ಅಕ್ಕ ಹಿಂದೆ ಕೂತಿದ್ದೂ ನೋಡಿದೆ. ಕಾಲುದಾರೀಲಿ ಓಡಿ ಬಂದೆ." ಅವಳಿನ್ನೂ ಏದುಸಿರು ಬಿಡುತ್ತಿದ್ದಳು. "ನೀವು ಹೇಳಲ್ಲ ಅಂತ ಗೊತ್ತಾಯ್ತು. ಇವತ್ತಲ್ಲ ನಾಳೆ ಯಾರಾದ್ರೂ ಜೀಪಿನಡಿಗೆ ಸಿಕ್ಕೇ ಸಿಗ್ತಾರೆ. ಬೇರೆಯವರ ಮನೆ ಮಕ್ಕಳು ಯಾಕೆ, ಸಿಗೋದಾದ್ರೆ ನಮ್ಮನೆಯವಳೇ ಸಿಗ್ಲಿ ಅಂತ ನಿಂತೆ."

ಚಪ್ಪಾಳೆ ಆಗಲೇ ನಿಂತಿತ್ತು. ಜನ ಒಬ್ಬೊಬ್ಬರಾಗಿ ಇಳಿದು ಸುತ್ತ ನೆರೆದಿದ್ದರು. ಏನು ನಡೆಯುತ್ತಿದೆ ಎಂದು ಯಾರಿಗೂ ಅರ್ಥವಾಗಿರಲಿಲ್ಲ. ಮಾವ ಹೆಂಡತಿಯ ಕೈ ಬಿಡದೆ ಅವರ ಕಡೆ ತಿರುಗಿದ.

"ನಂಗೆ ಎದುರಿಗಿರೋದು ಕಾಣಲ್ಲ" ಎಂದ. "ಅಂಚಷ್ಟೇ ಕಾಣ್ತದೆ. ನಡುವೆ ನಿಂತೋರು ಯಾರೂ ಕಾಣಲ್ಲ. ಇವತ್ತಿಂದಲ್ಲ, ಬಹಳ ದಿನದಿಂದ."

ಯಾರೋ ನಕ್ಕರು, ಮಾವನದು ಹೊಸ ತಮಾಷೆ ಎಂದುಕೊಂಡು. ಆ ನಗು ಅರ್ಧಕ್ಕೇ ನಿಂತಿತು. ಪೋಸ್ಟ್‌ಮ್ಯಾನ್ ತನ್ನ ಮೊಣಕಾಲುಗಳನ್ನು ನೋಡಿಕೊಂಡ, ಅವು ಇವೆಯೋ ಇಲ್ಲವೋ ಎಂಬಂತೆ. ಟೈಲರ್ ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡಳು.

"ಮಾವ, ಅವತ್ತು ಮಂಜಿನಲ್ಲಿ ನನ್ನನ್ನ ಕರ್ಕೊಂಡು ಹೋದಾಗ?"

"ಅವತ್ತೂ ಕಾಣ್ತಿರ್ಲಿಲ್ಲಮ್ಮ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆಯ ಸದ್ದು ಮಾವನಿಗೆ ಕೇಳಿಸಿತು. ಇಷ್ಟು ಕಾಲ ಅವನೊಬ್ಬನೇ ಹೊತ್ತಿದ್ದ ಹೆದರಿಕೆ ಈಗ ಅಲ್ಲಿದ್ದವರ ಮೇಲೆಲ್ಲ ಒಟ್ಟಿಗೆ ಬಂದು ಕೂತಿತು. ತಾವು ನಿಂತ ಜಾಗಗಳು, ಮಕ್ಕಳನ್ನು ನಿಲ್ಲಿಸಿ ಒಳಗೆ ಹೋದ ದಿನಗಳು ಎಲ್ಲರಿಗೂ ನೆನಪಾದವು. ಮೇಷ್ಟ್ರಂತೂ ತುಟಿಯ ಮೇಲೆ ಇಟ್ಟಿದ್ದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನೆಲ ನೋಡುತ್ತಾ ನಿಂತಿದ್ದರು.

ಮೇಡಂ ಜೀಪಿನಿಂದ ಇಳಿದು ಬಂದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಕೇಳ್ತೀನಿ. ಬಸ್ಸು ಬೇಕಾ?" ಎಂದರು.

"ಬೇಕು" ಎಂದಳು ಟೈಲರ್ ಸೊಸೆ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಕೊನೆಗೆ ಮಾವನೂ ಹೇಳಿದ.

ಮೇಡಂ ಸೇತುವೆಯ ತನಕ ಒಬ್ಬರೇ ನಡೆದುಹೋದರು. ಜೀಪನ್ನು ಎಲ್ಲರೂ ಸೇರಿ ಬದಿಗೆ ತಳ್ಳಿದರು. ಬೀಗದ ಕೈಯನ್ನು ಮಾವ ಮೇಷ್ಟ್ರ ಕೈಗೆ ಹಾಕಿದ. ಅವರು ಅದನ್ನು ಸುಡುವ ವಸ್ತುವಿನಂತೆ ಹಿಡಿದುಕೊಂಡರು. ಆಮೇಲೆ ಊರು ಏರುದಾರಿ ಹಿಡಿಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಮುಂದೆ ಹೋಗುವವರ ಹೆಜ್ಜೆಗಳು ದೂರವಾದವು, ಹಿಂದಿನವರು ಹತ್ತಿರ ಬರಲಿಲ್ಲ. ಹೆಂಡತಿಯ ತೋಳು ಹಿಡಿದು ಅವನು ನಡೆದ. ಇಷ್ಟು ವರ್ಷ ಓಡಿಸಿದ ರಸ್ತೆ ಕಾಲಿಗೆ ಹೊಸದಾಗಿತ್ತು. ಕಲ್ಲಿಗೆ ಎಡವಿದ, ಗುಂಡಿಗೆ ಕಾಲು ಹಾಕಿದ. ಇನ್ನೊಬ್ಬರನ್ನು ಕೊಲ್ಲುವ ಭಯ ಹೋಗಿತ್ತು. ಅದರ ಜಾಗಕ್ಕೆ, ಇನ್ನು ಈ ಊರಿನಲ್ಲಿ ತನ್ನನ್ನು ಮಾವ ಎಂದು ಕರೆಯುವವರು ಉಳಿದಿದ್ದಾರೆಯೇ ಎಂಬ ಭಯ ಬಂದಿತ್ತು.

ಹಿಂದೆ ಎಲ್ಲೋ ರೇಡಿಯೋ ಅಕ್ಕ ಬರುತ್ತಿದ್ದಳು. ಬುಟ್ಟಿಯ ಕಿರುಗುಟ್ಟುವಿಕೆಯಿಂದ ಗೊತ್ತಾಗುತ್ತಿತ್ತು. ಅವಳು ಇಳಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಹಲ್ಲುನೋವಿನ ದಿನ ಬಿಟ್ಟರೆ ಅವಳು ಇಷ್ಟು ಹೊತ್ತು ಬಾಯಿ ಮುಚ್ಚಿದ್ದೇ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳ ಧ್ವನಿ ಕೇಳಿಸಿತು.

"ಹಾಗಾದ್ರೆ ನನ್ನ ಮಾತನ್ನ ಇಷ್ಟಪಟ್ಟು ಕೇಳ್ತಿರ್ಲಿಲ್ಲ ನೀನು."

ಮಾವ ನಿಂತ. ತಿರುಗಿದರೂ ಅವಳ ಮುಖ ಕಾಣುವುದಿಲ್ಲವೆಂದು ತಿರುಗಲಿಲ್ಲ. "ಮೊದ್ಲು ಭಯಕ್ಕೆ ಕೇಳ್ತಿದ್ದೆ ಅಕ್ಕ. ಆಮೇಲೆ ಮನೇಲಿ ಕೂತಾಗ್ಲೂ ನಿನ್ನ ಮಾತು ನೆನಪಿಸ್ಕೊಂಡು ನಗ್ತಿದ್ದೆ. ಇವಳನ್ನ ಕೇಳು ಬೇಕಾದ್ರೆ."

"ನಗ್ತಿದ್ರು" ಎಂದಳು ಅತ್ತೆ.

ಮೂವರೂ ಮತ್ತೆ ನಡೆದರು. ತಿರುವಿನಲ್ಲಿ ಎದುರಿನಿಂದ ಯಾರದೋ ಹೆಜ್ಜೆಯ ಸದ್ದು. ಯಾರದು ಎಂಬ ಮಾತು ಮಾವನ ಗಂಟಲಿಗೆ ಬಂತು. ಕೇಳುವ ಹಕ್ಕು ಇನ್ನು ತನಗಿಲ್ಲವೆಂದು ಹಲ್ಲು ಕಚ್ಚಿ ತಡೆದುಕೊಂಡ. ಎದುರಿನ ಹೆಜ್ಜೆ ಹತ್ತಿರವಾಯಿತು. ಕಾಣದ ಆ ಮಸುಕಿನ ಮುಂದೆ ಅವನು ಮಗುವಿನಂತೆ ಹೆದರಿ ನಿಂತ.

ಹಿಂದಿನಿಂದ ಬುಟ್ಟಿ ಕಿರುಗುಟ್ಟುತ್ತಾ ಪಕ್ಕಕ್ಕೆ ಬಂತು.

"ಬಡಗಿ ಬರ್ತಿದಾನೆ" ಎಂದಳು ರೇಡಿಯೋ ಅಕ್ಕ, ಸಿಟ್ಟು ಇನ್ನೂ ಇಳಿಯದ ಧ್ವನಿಯಲ್ಲಿ. "ನಟ್ಟನಡುವೆ, ಹೊಟ್ಟೆ ಮುಂದೆ ಬಿಟ್ಕೊಂಡು. ಅವನಿಗಿನ್ನೂ ಏನೂ ಗೊತ್ತಿಲ್ಲ. ಎಡಕ್ಕೆ ಸರ್ಕೋ ತಮ್ಮಾ."

ಮಾವ ಎಡಕ್ಕೆ ಸರಿದುಕೊಂಡ.